ಇದು ಪ್ರೀತಿನೋ ಕನಿಕರಾನೋ, ಅನುಭವ ಇದ್ದವ್ರು ಹೇಳ್ರಿ

ಪ್ರಶ್ನೆ (ವಿಜಯಪುರದಿಂದ):
ನನ್ನ ಜೋಡಿ ಕೆಲಸ ಮಾಡೋ ಹುಡುಗಿ ಅಪ್ಪ ತೀರಿಕೊಂಡು ಆರ ತಿಂಗಳಾತು. ಅದಕ್ಕೂ ಮೊದ್ಲ ಎರಡ ವರ್ಷ ಒಂದ ಆಫೀಸಿನ್ಯಾಗ ಇದ್ರೂ ನನಗ ಏನೂ ಅನಿಸಿದ್ದಿಲ್ಲ. ಈಗ ಆಕಿ ಸುಮ್ನ ಕುಂತಿದ್ದು ನೋಡಿದ್ರ ಜೀವ ಹಿಂಡಿದಂಗ ಆಗ್ತೈತಿ, ಲಗ್ನ ಆದ್ರ ಈಕಿನ್ನ ಆಗಬೇಕು ಅನ್ಸಾಕತ್ತೈತಿ. ನನ್ನ ಗೆಳ್ಯಾ ಅಂತಾನ, ಇದು ಪ್ರೀತಿ ಅಲ್ಲೋ, ಬರೇ ಕನಿಕರ, ಪಿಚ್ಚರ್ ನೋಡಿ ಹಿಂಗಾಗಿ ಅಂತ. ಯಾರಿಗರ ಹಿಂಗ ಆಗಿದ್ರ ಹೇಳ್ರಿ.

ಉತ್ತರ (ಮುಧೋಳ ಕಡಿಂದ):
ಅಣ್ಣಾರ, ನನಗ ಆಗೇತಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

2019ರ ಆಗಸ್ಟ್ ನೆನಪೈತಲ್ರಿ, ಘಟ್ಟದಾಗ ಮಳಿ ಹೊಡದು ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆ ತುಂಬಿ ಬಂದಿದ್ದು. ನಾ ಆಗ ಡಿಗ್ರಿ ಮುಗಿಸಿ ಮನ್ಯಾಗ ಇದ್ದೆ, ಸಾಲ್ಯಾಗ ಗಂಜಿ ಕೇಂದ್ರ ತೆರದಿದ್ರು, ಊರೂರಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟ ಗಂಟ ಬರತಿದ್ವು, ಅವನ್ನ ಹಂಚೂದು ನನ್ನ ಕೆಲಸ. ಅಲ್ಲೆ ಒಂದ ಹುಡುಗಿ, ಹೊಳಿ ದಂಡಿ ಊರಾಕಿ, ಮನಿ ಗ್ವಾಡಿ ಬಿದ್ದಿತ್ತು, ಮಾರ್ಕ್ಸ್ ಕಾರ್ಡ್ ಎಲ್ಲಾ ತೊಯ್ದು ಒಂದಕ್ಕೊಂದು ಹತ್ಕೊಂಡಿದ್ವು. ಅವನ್ನ ಒಂದೊಂದ ಬಿಡಿಸಿ ಸಾಲಿ ಕಟ್ಟಿ ಮ್ಯಾಲ ಒಣಾ ಹಾಕಿ, ಹಾರಬಾರದಂತ ನಾಕೂ ಮೂಲಿಗೆ ಸಣ್ಣ ಸಣ್ಣ ಕಲ್ಲಿಟ್ಟು ಮುಂದ ಕುಂತಿದ್ಲು. ಒಂದ ಕಾರ್ಡಿನ್ಯಾಗ ಸಹಿ ನೀಲಿ ನೀರಾಗಿ ಹರದಿತ್ತು, ಅದನ್ನ ಬೆರಳಿಂದ ಮುಟ್ಟಿ ಮುಟ್ಟಿ ನೋಡತಿದ್ಲು. ಅವತ್ತ ನನ್ನ ಮನಸ ಅಲ್ಲೇ ಉಳೀತು.

ಮುಂದ ಪರಿಹಾರದ ಅರ್ಜಿ ಬರದ ಕೊಟ್ಟೆ, ತಾಲೂಕ ಆಫೀಸಿಗೆ ಅಡ್ಡಾಡಿದೆ, ಡೂಪ್ಲಿಕೇಟ್ ಕಾರ್ಡಿಗೆ ಓಡಾಡಿದೆ. ಇದ ಪ್ರೀತಿ ಅಂತ ಖಾತ್ರಿ ಇತ್ತು ನನಗ. ಆದ್ರ ಬಾಗಲಕೋಟ್ಯಾಗ ಕೆಲಸ ಸಿಕ್ತು ಅಂತ ಆಕಿ ಫೋನ್ ಮಾಡಿ ನಕ್ಕೋತ ಹೇಳಿದ್ಲು ನೋಡ್ರಿ, ನನಗ ಖುಷಿ ಆಗ್ಲಿಲ್ಲ. ಇನ್ನ ಈಕಿಗೆ ನಾ ಯಾಕ ಬೇಕು ಅನಸ್ತು. ಆ ರಾತ್ರಿ ನನ್ನ ಮ್ಯಾಲ ನನಗ ಹೇಸಿಕಿ ಬಂತು, ನಾ ಹಚ್ಕೊಂಡಿದ್ದು ಆಕಿ ತ್ರಾಸಿಗೆ ಅಂತ ತಿಳೀತು. ಒಂದ ತಿಂಗಳ ಫೋನ್ ಎತ್ತಲಿಲ್ಲ.

ಕಡೀಕ ಆಕಿನ ಬಸ್ ಸ್ಟ್ಯಾಂಡಿನ್ಯಾಗ ಹಿಡದು ಬೈದ್ಲು. "ರೊಟ್ಟಿ ಕೊಟ್ಟವ್ರು ಭಾಳ ಮಂದಿ ಅದಾರ, ನನ್ನ ಕೂಡ ಜಗಳಾಡೋರು ಯಾರೂ ಇಲ್ಲ, ನೀನರ ಆಡ್ತಿ ಅಂದ್ಕೊಂಡಿದ್ದೆ" ಅಂದ್ಲು.

ನಮ್ಮ ಅಜ್ಜಗ ನಮ್ಮ ಕಡಿ ಜನಪದ ಆಟ ಪಾರಿಜಾತ ಅಂದ್ರ ಜೀವ, ಅದರಾಗ ಹೆಸರ ಮಾಡಿದ ಕಲಾವಿದೆ ಕೌಜಲಗಿ ನಿಂಗಮ್ಮನ ಮಾತ ತಗದ್ರ ಊಟಾ ಮರೀತಿದ್ದ. ಶ್ರೀಕೃಷ್ಣ ಪಾರಿಜಾತದಾಗ ಏನೈತ್ರಿ, ನಾರದ ತಂದ ಹೂವ ಕೃಷ್ಣ ರುಕ್ಮಿಣಿಗೆ ಕೊಡ್ತಾನ, ಭಾಮಾಗ ಸಿಟ್ಟ ಬರ್ತೈತಿ, ನಮ್ಮ ಮಂದಿ ಬೆಳತನಕಾ ಕುಂತು ಆ ಸಿಟ್ಟು, ಆ ಸಮಾಧಾನಾನ ನೋಡ್ತಾರ. ಭಾಮಾನ ನೋಡಿ ಯಾರೂ ಅಯ್ಯೋ ಪಾಪ ಅನ್ನಂಗಿಲ್ಲ, ಕೃಷ್ಣನೂ ಅನ್ನಂಗಿಲ್ಲ, ಆದ್ರೂ ಆಕಿ ಬಾಗಲಿಗೆ ಬಂದ ನಿಂದರತಾನ. ಈಗಿನ ಎಷ್ಟೋ ಪಿಚ್ಚರದಾಗ ಹುಡುಗಿ ಅತ್ತ ಕೂಡ್ಲೆ ಹೀರೋ ಕಣ್ಣೀರ ಒರಸ್ತಾನ, ಹಾಡ ಬರ್ತೈತಿ, ಲಗ್ನ ಆಗ್ತೈತಿ, ನಡುವಿನ ಜಗಳಾನ ಇರಂಗಿಲ್ಲ. ಕನಿಕರ ಇದ್ದಲ್ಲೆ ಸಿಟ್ಟ ಬರಂಗಿಲ್ರಿ, ನಮ್ಮ ತ್ರಾಸ ಅವ್ರಿಗೆ ಹೇಳಾಕ ಬಾಯೂ ಬರಂಗಿಲ್ಲ, ಪಾಪ ಅವರದ ಅವರಿಗೆ ಸಾಕಾಗೇತಿ ಅಂತೀವಿ. ಅವತ್ತ ಮೊದಲನೇ ಸಲ ನಾ ನನ್ನದ ಹೇಳ್ದೆ, ನನಗ ನೌಕರಿ ಇಲ್ಲ, ಮನ್ಯಾಗ ಅಪ್ಪನ ಮುಂದ ತಲಿ ಎತ್ತಾಕ ಆಗವಲ್ದು ಅಂತ. ಎರಡ ಬಸ್ ಹೋದ್ವು, ಆಕಿ ಹತ್ತಲಿಲ್ಲ, ಕೇಳ್ಕೋತ ನಿಂತ್ಲು. ನಮ್ಮ ಲಗ್ನ ಆಗಿ ಈಗ ಮೂರ ವರ್ಷ.

ನೀವೂ ಆಕಿ ಮುಂದ ನಿಮ್ಮ ಒಂದ ತ್ರಾಸ ಹೇಳಿ ನೋಡ್ರಿ.

ಉತ್ತರ (ಬೆಳಗಾವಿಯಿಂದ):
ತಮ್ಮಾ, ಮ್ಯಾಲೆ ಬರದದ್ದು ಖರೆ, ಆದ್ರ ಕನಿಕರಾನ ಅಷ್ಟ ಕಡಿಮಿ ಮಾಡಬ್ಯಾಡ್ರಿ. ನಮ್ಮಲ್ಲೆ ಅಂತಃಕರಣ ಅಂತೀವಲ್ಲಾ, ಅಯ್ಯೋ ಪಾಪ ಅನ್ನೂದಕ್ಕಿಂತ ಅದು ಭಾಳ ದೊಡ್ಡದು. ನಾ ಲಗ್ನ ಆಗಿ ಬಂದಾಗ ಪ್ರೀತಿ ಗೀತಿ ಏನೂ ಗೊತ್ತಿರಲಿಲ್ಲ. ಒಮ್ಮೆ ಕೈ ಮುರಕೊಂಡೆ, ನಮ್ಮ ಮನಿಯವ್ರು ದಿನಾ ಮುಂಜಾನೆ ನನ್ನ ತಲಿ ಬಾಚತಿದ್ರು, ಮೂರ ಎಳಿ ಜಡಿ ಹಾಕಾಕ ಬರತಿರಲಿಲ್ಲ, ಎರಡ ಎಳಿ ತಿರುವಿ ರಬ್ಬರ್ ಹಾಕಿ ಬಿಡತಿದ್ರು, ಎಣ್ಣಿ ಕುತ್ತಿಗಿ ಮ್ಯಾಲ ಇಳೀತಿತ್ತು, ನಾ ಬೈತಿದ್ದೆ. ಅದು ಕನಿಕರಾನೋ ಪ್ರೀತಿನೋ ನಾನೂ ಕೇಳಲಿಲ್ಲ, ಅವ್ರೂ ಹೇಳಲಿಲ್ಲ.

ಬಸವಣ್ಣನವರು ದಯಾನ ಧರ್ಮದ ಮೂಲ ಅಂದ್ರು, ಸಕಲ ಪ್ರಾಣಿಗಳ ಮ್ಯಾಲೂ ಇರಬೇಕು ಅಂದ್ರು. ಅಂದ್ರ ಅದು ಎಲ್ಲಾರಿಗೂ ಸಲ್ಲಬೇಕಾದ್ದು, ಅದನ್ನ ತೋರಸಾಕ ಲಗ್ನಾನ ಆಗಬೇಕಂತಿಲ್ಲ. ಅವ್ರ ಮನ್ಯಾಗ ಇನ್ನೂ ವರ್ಷದ ಕಾರ್ಯಾನ ಆಗಿಲ್ಲ, ಈಗ ಆಕಿ ಹೂಂ ಅಂದ್ರೂ ದುಃಖದಾಗ ಅಂದಂಗ ಆಗ್ತೈತಿ. ಲಗ್ನದ ಮಾತ ಈಗ ತಗೀಬ್ಯಾಡಪಾ. ಆಕಿ ಅವ್ವ ಹೆಂಗದಾರ, ಮನ್ಯಾಗ ಮತ್ತ ಯಾರದಾರ, ಆಕಿಗೆ ಏನ ಸೇರತೈತಿ, ಒಂದೂ ನೀ ಬರದಿಲ್ಲ ನೋಡು.