ಪಾಸ್ಡ್ ಪಾನ್ ಇರುವ ಪಜಲ್‌ಗಳಲ್ಲಿ ಯಾವಾಗ ಕಾಯಿ ಬಲಿ ಕೊಡಬೇಕು? ನಿಮ್ಮ ಅನುಭವ ಹೇಳಿ

ಒಂದು ವರ್ಷದಿಂದ ದಿನಾ ಚೆಸ್ ಪಜಲ್ ಬಿಡಿಸುತ್ತಿದ್ದೇನೆ. ಎರಡು ಮೂರು ನಡೆಯ ಮೇಟ್, ಕುದುರೆಯ ಫೋರ್ಕ್ (ಒಂದೇ ನಡೆಯಲ್ಲಿ ಎರಡು ಕಾಯಿಗೆ ಬೆದರಿಕೆ) ಬೇಗ ಕಣ್ಣಿಗೆ ಬೀಳುತ್ತವೆ. ಆದರೆ ಪಾಸ್ಡ್ ಪಾನ್, ಅಂದರೆ ಎದುರಾಳಿಯ ಯಾವ ಪಾನ್‌ನಿಂದಲೂ ತಡೆಯಲಾಗದ ಪಾನ್, ಆರನೇ ಅಥವಾ ಏಳನೇ ಸಾಲಿಗೆ ಬಂದು ನಿಂತಿದ್ದರೆ ತಡಕಾಡುತ್ತೇನೆ. ಆನೆ ಬಲಿ ಕೊಡಬೇಕಾದ ಕಡೆ ಸುಮ್ನೆ ಪಾನ್ ತಳ್ಳುತ್ತೇನೆ. ಸುಮ್ನೆ ತಳ್ಳಿದರೆ ಸಾಕಾಗುವ ಕಡೆ ಆನೆ ಕಳೆದುಕೊಳ್ಳುತ್ತೇನೆ. ನೀವೆಲ್ಲ ಇದನ್ನು ಹೇಗೆ ಅಭ್ಯಾಸ ಮಾಡಿದಿರಿ?

* * *

ನನಗೂ ಬಹಳ ದಿನ ಇದೇ ತೊಂದರೆ ಇತ್ತು. ಪಜಲ್ ತೆರೆದ ಕೂಡಲೇ ಚೆಕ್ ಎಲ್ಲಿದೆ, ಏನು ಹೊಡೆಯಬಹುದು ಎಂದು ಹುಡುಕುತ್ತಿದ್ದೆ. ಮೇಟ್ ಪಜಲ್‌ಗೆ ಅದು ಸರಿ. ಪಾನ್ ಪಜಲ್‌ನಲ್ಲಿ ನೋಟ ಬೇರೆ ಕಡೆಯಿಂದ ಶುರುವಾಗಬೇಕು. ಈಗ ನಾನು ಮೊದಲು ನೋಡುವುದು ಪಾನ್ ರಾಣಿಯಾಗುವ ಮನೆಯನ್ನು. ಆ ಮನೆಗೆ ಕಾವಲು ಯಾರು? ಅದಕ್ಕಿಂತ ಹಿಂದಿನ ಮನೆಗೆ ಯಾರು? ಕಾವಲಿಗೆ ಒಂದೇ ಕಾಯಿ ಇದ್ದರೆ, ಅದನ್ನು ಅಲ್ಲಿಂದ ಕದಲಿಸಲು ಎಷ್ಟು ದೊಡ್ಡ ಬೆಲೆ ಕೊಟ್ಟರೂ ಲೆಕ್ಕ ಕೂಡಿಬರುತ್ತದೆ. ಆನೆ ಹೋದರೂ ರಾಣಿ ಬರುತ್ತದೆ ಅಲ್ವಾ. ಕಾವಲಿಗೆ ಇಬ್ಬರಿದ್ದರೆ ಒಬ್ಬರನ್ನು ಸರಿಸಿ ಪ್ರಯೋಜನವಿಲ್ಲ. ನಿಮ್ಮ ಆನೆ ವ್ಯರ್ಥವಾಗುತ್ತಿರುವುದು ಬಹುಶಃ ಇಲ್ಲೇ.

ಒಂದು ಸ್ಥಿತಿ ಹೇಳುತ್ತೇನೆ, ಬೋರ್ಡ್ ಮೇಲೆ ಇಟ್ಟು ನೋಡಿ (ಅಕ್ಷರ ಕಂಬಕ್ಕೆ, ಅಂಕಿ ಸಾಲಿಗೆ). ಬಿಳಿಯ ಪಾನ್ ಎ7, ಆನೆ ಎ8, ರಾಜ ಜಿ2. ಕಪ್ಪಿನ ಆನೆ ಎ1, ರಾಜ ಎಫ್7. ಬಿಳಿಯ ನಡೆ. ಪಾನ್‌ಗೆ ಅಡ್ಡ ನಿಂತಿರುವುದು ಬಿಳಿಯದೇ ಆನೆ. ಅದು ಚೆಕ್ ಕೊಡದೆ ಸರಿದರೆ ಎ7 ಪಾನ್ ಕಪ್ಪು ಆನೆಯ ಬಾಯಿಗೆ ಬೀಳುತ್ತದೆ. ಆದರೂ ಆನೆಯನ್ನು ಎಚ್8ಕ್ಕೆ ಒಯ್ಯಿರಿ. ಈಗ ಎ8ರಲ್ಲಿ ರಾಣಿಯಾಗುವ ಬೆದರಿಕೆ ಇದೆ, ಆದ್ದರಿಂದ ಕಪ್ಪು ಎ7ರಲ್ಲಿ ಪಾನ್ ಹೊಡೆಯಲೇಬೇಕು. ಹೊಡೆದ ತಕ್ಷಣ ಎಚ್7ರಿಂದ ಚೆಕ್. ರಾಜ ಸರಿಯಬೇಕು, ಅದೇ ಸಾಲಿನಲ್ಲಿ ಹಿಂದಿರುವ ಆನೆ ಸಿಕ್ಕಿತು. ಇಲ್ಲಿ ಬಲಿಯಾಗಿದ್ದು ಪಾನ್. ಇದೇ ಸ್ಥಿತಿಯಲ್ಲಿ ಕಪ್ಪು ರಾಜನನ್ನು ಜಿ7ರಲ್ಲಿ ಇಟ್ಟು ನೋಡಿ. ಆನೆ ಎಚ್8ಕ್ಕೆ ಹೋದರೆ ರಾಜನೇ ಹೊಡೆದುಹಾಕುತ್ತಾನೆ. ರಾಜ ಒಂದು ಮನೆ ಸರಿದರೆ ಉತ್ತರವೇ ತಿರುಗಿಬೀಳುತ್ತದೆ. ಹಾಗಾಗಿ ಪ್ರತಿ ಪಜಲ್ ಬಿಡಿಸಿದ ಮೇಲೆ ಒಂದು ಕಾಯಿಯನ್ನು ಒಂದು ಮನೆ ಸರಿಸಿ ಮತ್ತೆ ನೋಡುತ್ತೇನೆ. ನನಗೆ ಹೆಚ್ಚು ಕಲಿಸಿದ್ದು ಈ ಒಂದು ಅಭ್ಯಾಸ.

* * *

ಬರೀ ಪಾನ್‌ಗಳಿರುವ ಆಟದಿಂದ ಶುರು ಮಾಡಿ. ಬಿಳಿಯ ಪಾನ್‌ಗಳು ಎ5, ಬಿ5, ಸಿ5. ಕಪ್ಪಿನವು ಎ7, ಬಿ7, ಸಿ7. ರಾಜರಿಬ್ಬರೂ ದೂರದಲ್ಲಿದ್ದಾರೆ. ಬಿಳಿಯ ನಡೆ. ನೋಡಲು ದಾರಿ ಪೂರ್ತಿ ಮುಚ್ಚಿದಂತಿದೆ. ಆದರೆ ಬಿ6! ಕಪ್ಪು ಎ ಪಾನ್‌ನಿಂದ ಹೊಡೆದರೆ ಸಿ6, ಅದನ್ನು ಬಿ ಪಾನ್‌ನಿಂದ ಹೊಡೆದರೆ ಎ6, ಇನ್ನು ಆ ಪಾನ್ ಅನ್ನು ಹಿಡಿಯುವವರಿಲ್ಲ. ಸಿ ಪಾನ್‌ನಿಂದ ಹೊಡೆದರೆ ಎ6 ಮೊದಲು, ಆಮೇಲೆ ಸಿ6. ಎರಡು ಪಾನ್ ಕೊಟ್ಟು ಮೂರನೆಯದಕ್ಕೆ ದಾರಿ ಮಾಡಿಕೊಡುವುದು. ಇದೇ ಸ್ಥಿತಿಯಲ್ಲಿ ಕಪ್ಪಿನ ಸರದಿಯಾಗಿದ್ದರೆ ಬಿ6 ಆಡಿ ಬಾಗಿಲು ಹಾಕಿಬಿಡುತ್ತದೆ. ಮೂರು ಪಾನ್‌ಗಳ ಈ ಚಿತ್ರ ಮನಸ್ಸಲ್ಲಿ ಕೂತರೆ ದೊಡ್ಡ ಪಜಲ್‌ಗಳಲ್ಲೂ ಅದರ ತುಣುಕು ಕಾಣಿಸುತ್ತದೆ.

* * *

ಏಳನೇ ಸಾಲು ದಾಟುವಾಗ ಕೈ ತಾನಾಗಿ ರಾಣಿಯ ಕಡೆ ಹೋಗುತ್ತದೆ. ನಾನು ಜಾಸ್ತಿ ತಪ್ಪಿದ್ದು ಅಲ್ಲೇ. 1895ರ ಸಾವೆದ್ರಾ ಸ್ಥಿತಿಯನ್ನು ಒಮ್ಮೆ ಇಟ್ಟು ನೋಡಿ. ಬಿಳಿಯ ರಾಜ ಬಿ6, ಪಾನ್ ಸಿ6. ಕಪ್ಪಿನ ರಾಜ ಎ1, ಆನೆ ಡಿ5. ಬೋರ್ಡ್ ಮೇಲೆ ಇರುವುದು ನಾಲ್ಕೇ ಕಾಯಿ. ಪಾನ್ ಸಿ7ಕ್ಕೆ ಹೋಗುತ್ತದೆ, ಆನೆ ಡಿ6ರಿಂದ ಚೆಕ್ ಕೊಡುತ್ತದೆ. ರಾಜ ಬಿ5, ಬಿ4, ಬಿ3 ಎಂದು ಇಳಿಯುತ್ತಾ ಹೋಗುತ್ತಾನೆ, ಆನೆ ಹಿಂದೆಯೇ ಚೆಕ್ ಕೊಡುತ್ತಾ ಬರುತ್ತದೆ. ಕೊನೆಗೆ ರಾಜ ಸಿ2ಕ್ಕೆ ಬಂದಾಗ ಕಪ್ಪು ಆನೆ ಡಿ4ಕ್ಕೆ ಹೋಗಿ ಕಾದು ಕೂರುತ್ತದೆ. ಈಗ ರಾಣಿ ಮಾಡಿದರೆ ಆನೆ ಸಿ4ರಲ್ಲಿ ಚೆಕ್ ಕೊಟ್ಟು ಬಲಿಯಾಗುತ್ತದೆ, ರಾಣಿ ಅದನ್ನು ಹೊಡೆದರೆ ಸ್ಟೇಲ್‌ಮೇಟ್, ಅಂದರೆ ಕಪ್ಪಿಗೆ ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಆಟ ಡ್ರಾ. ಪಾನ್ ಆನೆಯಾಗಬೇಕು! ಆಗ ಎ8ರಿಂದ ಮೇಟ್ ಬೆದರಿಕೆ ಬರುತ್ತದೆ. ಕಪ್ಪು ಆನೆ ಎ4ಕ್ಕೆ ಬರಲೇಬೇಕು. ಬಿಳಿ ರಾಜ ಬಿ3ಕ್ಕೆ ಬಂದರೆ ಆನೆಗೂ ಅಪಾಯ, ಸಿ1ರಲ್ಲಿ ಮೇಟ್ ಕೂಡ ಕಾದಿದೆ. ಫರ್ನಾಂಡೊ ಸಾವೆದ್ರಾ ಗ್ಲಾಸ್ಗೋದಲ್ಲಿದ್ದ ಸ್ಪ್ಯಾನಿಷ್ ಪಾದ್ರಿ. ಆನೆಯಾಗುವ ಈ ಒಂದು ನಡೆಯಿಂದಲೇ ಅವರ ಹೆಸರು ಇವತ್ತಿಗೂ ಉಳಿದಿದೆ. ಮೊದಲ ಸಲ ನೋಡಿದಾಗ ನಾನು ತುಂಬಾ ಹೊತ್ತು ಬೋರ್ಡ್ ಎದುರೇ ಕೂತಿದ್ದೆ.

ಕುದುರೆಯಾಗುವುದೂ ಇದೆ. ಅಲ್ಬಿನ್ ಕೌಂಟರ್ ಗ್ಯಾಂಬಿಟ್ ಎಂಬ ಓಪನಿಂಗ್‌ನ (ಆಟದ ಆರಂಭದ ನಡೆಗಳ) ಲಾಸ್ಕರ್ ಬಲೆಯಲ್ಲಿ ಕಪ್ಪು ಪಾನ್ ಏಳನೇ ನಡೆಯಲ್ಲೇ ಜಿ1ರಲ್ಲಿ ಕುದುರೆಯಾಗುತ್ತದೆ. ರಾಣಿಯಾದರೆ ಚೆಕ್ ಇಲ್ಲ, ಬಿಳಿ ರಾಣಿ ಡಿ8ರಲ್ಲಿ ಕಪ್ಪು ರಾಣಿಯನ್ನು ಹೊಡೆದು ಪಾರಾಗುತ್ತದೆ. ಕುದುರೆಯಾದರೆ ಇ2ರ ರಾಜನಿಗೆ ಚೆಕ್, ಅದಕ್ಕೆ ಸಮಯವೇ ಸಿಗುವುದಿಲ್ಲ.

* * *

ಬಲಿ ಕೊಡುವುದು ಕಾವಲು ಸರಿಸಲು ಮಾತ್ರ ಎಂದುಕೊಳ್ಳಬೇಡಿ. ಸಮಯ ಕೊಂಡುಕೊಳ್ಳಲೂ ಕೊಡುತ್ತಾರೆ. 1998ರಲ್ಲಿ ಸ್ಪೇನ್‌ನ ಲಿನಾರೆಸ್ ಟೂರ್ನಿಯಲ್ಲಿ ಗ್ರ್ಯಾಂಡ್‌ಮಾಸ್ಟರ್ ಟೋಪಲೋವ್ ವಿರುದ್ಧ ಗ್ರ್ಯಾಂಡ್‌ಮಾಸ್ಟರ್ ಶಿರೋವ್ ಕಪ್ಪು ಕಾಯಿಗಳಲ್ಲಿ ಆಡಿದ 47ನೇ ನಡೆ ನೋಡಿ. ಇಬ್ಬರ ಬಳಿಯೂ ಒಂದೊಂದು ಒಂಟೆ, ಒಂದು ಬಿಳಿ ಮನೆಯದು, ಇನ್ನೊಂದು ಕಪ್ಪು ಮನೆಯದು. ಇಂಥ ಆಟ ಸಾಮಾನ್ಯವಾಗಿ ಡ್ರಾ ಕಡೆ ವಾಲುತ್ತದೆ. ಶಿರೋವ್ ತಮ್ಮ ಒಂಟೆಯನ್ನು ಎಚ್3ರಲ್ಲಿ ಇಟ್ಟು ಕೊಟ್ಟೇಬಿಟ್ಟರು. ಅದು ಎದ್ದುಹೋದ ಎಫ್5 ಮನೆಯ ಮೂಲಕ ಅವರ ರಾಜ ಇ4ಕ್ಕೆ ನುಗ್ಗಿದ. ಬಿಳಿ ರಾಜ ಬರುವಷ್ಟರಲ್ಲಿ ತಡವಾಗಿತ್ತು. ಎ ಮತ್ತು ಡಿ ಪಾನ್‌ಗಳೇ ಆಟ ಗೆದ್ದವು. ಆ ನಡೆ ಕಾಣಬೇಕಾದರೆ ಕಾಯಿ ಎಣಿಸುವುದನ್ನು ಬಿಟ್ಟು ನಡೆ ಎಣಿಸಬೇಕು. ನನ್ನ ಪಾನ್‌ಗೆ ಎಷ್ಟು ನಡೆ ಬೇಕು, ಅವನ ರಾಜನಿಗೆ ಎಷ್ಟು, ನಡುವೆ ಅವನಿಗೆ ಚೆಕ್ ಇದೆಯೇ. ಬೆರಳು ಮಡಿಸಿಯಾದರೂ ಎಣಿಸಿ.

1933ರ ಮ್ಯಾಡ್ರಿಡ್‌ನ ಒರ್ಟುಯೆಟಾ-ಸಾಂಜ್ ಆಟವನ್ನೂ ಹುಡುಕಿ ಆಡಿ ನೋಡಿ. ಕಪ್ಪು ಕಾಯಿ ಆಡಿದ ಸಾಂಜ್ ಬಿ2ರಲ್ಲಿ ಆನೆ ಕೊಡುತ್ತಾರೆ. ಆಮೇಲೆ ತಮ್ಮ ಒಂಟೆ ಹೋದರೂ ಅದನ್ನು ಹೊಡೆದ ಆನೆಯನ್ನು ಮುಟ್ಟದೆ ಇನ್ನೊಂದು ಪಾನ್ ಅನ್ನು ಸಿ4ಕ್ಕೆ ತಳ್ಳುತ್ತಾರೆ. ಕಾರಣ ಒಂದೇ, ಬಿಳಿ ಕುದುರೆ ಡಿ3ಕ್ಕೆ ಬಂದು ಪಾನ್ ತಡೆಯಬಾರದು. ಕಾವಲಿಗೆ ಬರುವ ಕಾಯಿಯ ಮನೆಯನ್ನೇ ಕಸಿದುಕೊಳ್ಳುವುದು.

* * *

ಅಭ್ಯಾಸದ ಬಗ್ಗೆ ಕೇಳಿದಿರಲ್ಲ, ಅದನ್ನು ಹೇಳುತ್ತೇನೆ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಪಜಲ್‌ಗಳನ್ನು ವಿಷಯದ ಪ್ರಕಾರ ಆರಿಸಿಕೊಳ್ಳಬಹುದು. ಮುಂದೆ ಬಂದ ಪಾನ್‌ಗೆ, ಪಾನ್ ಬಡ್ತಿಗೆ (ಕೊನೆಯ ಸಾಲಿನಲ್ಲಿ ಬೇರೆ ಕಾಯಿಯಾಗುವುದಕ್ಕೆ) ಬೇರೆ ಬೇರೆ ವಿಭಾಗಗಳಿವೆ. ನಾನು ದಿನಕ್ಕೆ ಐದೇ ಮಾಡುತ್ತೇನೆ. ಮೌಸ್ ಮುಟ್ಟುವ ಮೊದಲು ಪೂರ್ತಿ ಉತ್ತರವನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ, ಎದುರಾಳಿಯ ಅತಿ ಒಳ್ಳೆಯ ನಡೆಯ ಸಮೇತ. ತಪ್ಪಿದರೆ ಯಾವ ಕಾವಲು ಕಾಣಲಿಲ್ಲ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯುತ್ತೇನೆ. ತಿಂಗಳ ನಂತರ ಪುಟ ತಿರುವಿದಾಗ ನನಗೆ ಕಂಡಿದ್ದು ಇಷ್ಟು: ಹೆಚ್ಚಿನ ತಪ್ಪುಗಳಲ್ಲಿ ದೂರದ ಮೂಲೆಯಲ್ಲಿ ಕೂತ ಒಂಟೆಯನ್ನು ನಾನು ನೋಡಿರಲೇ ಇಲ್ಲ. ಈಗ ಬಲಿ ಕೊಡುವ ಮೊದಲು ಉದ್ದದ ಓರೆ ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ.

* * *

ಪ್ರಶ್ನೆ ಕೇಳಿದ್ದು ನಾನೇ. ಎಲ್ಲರಿಗೂ ಧನ್ಯವಾದ. ಎ7 ಪಾನ್‌ನ ಸ್ಥಿತಿಯನ್ನು ಬೋರ್ಡ್ ಮೇಲೆ ಇಟ್ಟೆ. ಆನೆ ಎಚ್8ಕ್ಕೆ ಹೋದ ಮೇಲೆ ಕಪ್ಪು ಪಾನ್ ಹೊಡೆಯದೆ ರಾಜನನ್ನು ಜಿ7ಕ್ಕೆ ತಂದು ನನ್ನ ಆನೆಗೇ ಬೆದರಿಕೆ ಹಾಕಿದರೆ? ಅದೊಂದು ಕಡೆ ಅರ್ಧ ಗಂಟೆ ಕೂತೆ. ಎ8ರಲ್ಲಿ ರಾಣಿ, ಕಪ್ಪು ಆನೆ ಅದನ್ನು ಹೊಡೆಯುತ್ತದೆ, ನನ್ನ ಆನೆ ಆ ಆನೆಯನ್ನು ಹೊಡೆಯುತ್ತದೆ. ಕೊನೆಗೆ ನನ್ನ ಬಳಿ ಒಂದು ಆನೆ, ಅವರ ಬಳಿ ಬರೀ ರಾಜ. ಸರಿ ಇದೆಯಾ?

* * *

ಸರಿ ಇದೆ. ಇನ್ನು ಕಪ್ಪು ರಾಜನನ್ನು ಇ7ರಲ್ಲಿ ಇಟ್ಟು ನೋಡಿ, ಆಗಲೂ ಗೆಲುವು ಬರುತ್ತದೆಯೇ ಎಂದು ಬರೆದು ಹೇಳಿ.