ಜೊಲೊಕಿಯಾ ಮೆಣಸಿನಕಾಯಿ 18 ದಿನ ಆದ್ರೂ ಮೊಳಕಿ ಇಲ್ಲ, ಹಬನೆರೊ ಬಂದಷ್ಟೂ ಮಲಗಾಕತ್ತಾವ (ವಿಜಯಪುರ, ಮನಿ ಒಳಗ)

ಗುಮ್ಮಟನಗರಿ, ವಿಜಯಪುರ. ಡಿಸೆಂಬರ್ 30

ಡಿಸೆಂಬರ್ 12ಕ್ಕ 50 ಕುಳಿ ಟ್ರೇದಾಗ ಮೂರು ಥರದ ಮೆಣಸಿನಕಾಯಿ ಬೀಜ ಹಾಕೇನಿ. ಭೂತ ಜೊಲೊಕಿಯಾ 12, ಹಬನೆರೊ 12, ತಾಳೆ ನೋಡಾಕ ಬ್ಯಾಡಗಿ 10. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೂರು ಪಾಲು, ಎರೆಗೊಬ್ಬರ ಒಂದು ಪಾಲು. ಮ್ಯಾಲೆ ಪ್ಲಾಸ್ಟಿಕ್ ಹಾಳಿ ಮುಚ್ಚೇನಿ, ದಿನಾ ಮುಂಜಾನಿ ನಳದ ನೀರು ಸ್ಪ್ರೇ ಹೊಡಿತೀನಿ. ಬ್ಯಾಡಗಿ 11ನೇ ದಿನಕ್ಕ 8 ಬಂದ್ವು. ಹಬನೆರೊ 3 ಬಂದ್ವು, ಅದರಾಗ 2 ಬುಡದಾಗ ದಾರದಂಗ ಸಣ್ಣಾಗಿ ಮಲಗ್ಯಾವ. ಜೊಲೊಕಿಯಾ ಒಂದೂ ಇಲ್ಲ. ಕೋಣಿದಾಗ ಹಗಲು 26, ರಾತ್ರಿ 18 ಡಿಗ್ರಿ ಅದ. ಬೀಜಾನ ಖೊಟ್ಟಿ ಇರಬಹುದೇನ್ರಿ? ಒಂದೆರಡು ಕೆದರಿ ನೋಡ್ಲ್ಯಾ?

ಹಿತ್ತಲಮನಿ, ಬಾಗಲಕೋಟಿ

ಕೆದರಬ್ಯಾಡ್ರಿ. ಬೀಜದ ಮ್ಯಾಲೆ ಸಂಶೆ ಪಡೂದು ಕಡೀಗೆ. ಬ್ಯಾಡಗಿ ಮೆಣಸಿನಕಾಯಿದಾಗ ಆನ್ಯುಮ್ ಅನ್ನೂ ಜಾತಿ, ಒಂದು ವಾರ ಹತ್ತು ದಿನದಾಗ ಏಳ್ತೈತಿ, ಸ್ವಲ್ಪ ತಂಪಿದ್ರೂ ತಡ್ಕೋತೈತಿ. ಜೊಲೊಕಿಯಾ, ಹಬನೆರೊ ಎರಡೂ ಚೈನೆನ್ಸ್ ಅನ್ನೂ ಬ್ಯಾರೆ ಜಾತಿ ಬಳಗ. ಛಲೋ ಶಾಖ ಇದ್ರೂ ಎರಡರಿಂದ ನಾಕು ವಾರ ತಗೋತಾವ, ತಂಪಾದ್ರ ಆರು ವಾರಾನೂ ಆದೀತು.

ನೀವು ಬರೆದ 18 ಡಿಗ್ರಿ ಗಾಳಿದು. ಬೀಜಕ್ಕ ಗಾಳಿ ಸಂಬಂಧ ಇಲ್ಲ, ಕೋಕೋಪೀಟಿನ ಒಳಗಿನ ಶಾಖ ಎಷ್ಟು ಅನ್ನೂದು ಮುಖ್ಯ. ತಂತಿ ಇರೋ ಡಿಜಿಟಲ್ ಥರ್ಮಾಮೀಟರಿನ ತುದಿ 2 ಸೆಂ.ಮೀ. ಆಳಕ್ಕ ಚುಚ್ಚಿ, ಬೆಳಗಿನ ಆರಕ್ಕ, ಮಧ್ಯಾಹ್ನ ಎರಡಕ್ಕ, ರಾತ್ರಿ ಹತ್ತಕ್ಕ ನೋಡಿ ಬರೀರಿ. ಟ್ರೇ ಎಲ್ಲಿ ಇಟ್ಟೀರಿ ಅನ್ನೂದೂ ಹೇಳ್ರಿ.

ಗುಮ್ಮಟನಗರಿ

ಅಡಗಿ ಮನಿ ಕಲ್ಲಿನ ಕಟ್ಟಿ ಮ್ಯಾಲೆ ಅದ. ಅಳತಿ ಬಂದದ್ದು: ಬೆಳಿಗ್ಗೆ 15.5, ಮಧ್ಯಾಹ್ನ 22, ರಾತ್ರಿ 18.

ಹಿತ್ತಲಮನಿ

ಸಿಕ್ತು ನೋಡ್ರಿ. ಕಲ್ಲು ಕೆಳಗಿಂದ ಶಾಖ ಹೀರ್ತೈತಿ, ಮುಂಜಾನೆದ ತಂಪು ನೀರು ಮ್ಯಾಲಿಂದ ಮತ್ತಷ್ಟು ಇಳಸ್ತೈತಿ. ನಿಮಗ ಬೇಕಾದ್ದು 26ರಿಂದ 30, ಹಗಲೂ ರಾತ್ರೀನೂ. 35ರ ಮ್ಯಾಲೆ ಹೋದ್ರ ಮತ್ತ ಕೆಡ್ತೈತಿ.

ಥರ್ಮೋಸ್ಟಾಟ್ (ಶಾಖ ನೋಡಿ ತಾನ ಚಾಲೂ-ಬಂದ್ ಮಾಡೂ ಸ್ವಿಚ್ಚು) ಜೊತಿ ಹೀಟ್ ಮ್ಯಾಟ್ (ಟ್ರೇದ ಕೆಳಗ ಹಾಸೂ ಕರೆಂಟಿನ ಬಿಸಿ ಚಾಪಿ) ಸಿಕ್ರ ಅದ ಛಲೋ. 28ಕ್ಕ ಇಟ್ಟು, ಸೆನ್ಸರ್ ತುದಿ ಟ್ರೇದ ನಡುವಿನ ಕುಳಿಯೊಳಗ ಹೂಳ್ರಿ. ಮ್ಯಾಟಿಗೆ ಅಂಟಿಸಿದ್ರ ಮ್ಯಾಟಿನ ಶಾಖ ತೋರಸ್ತೈತಿ, ಬೀಜದ್ದಲ್ಲ. ಥರ್ಮೋಸ್ಟಾಟ್ ಇಲ್ದ ಬರೀ ಮ್ಯಾಟ್ ಹಚ್ಚಬ್ಯಾಡ್ರಿ, ಮಧ್ಯಾಹ್ನಕ್ಕ ಬೀಜ ಬೇಯ್ತಾವ.

ಮ್ಯಾಟ್ ಇಲ್ಲಂದ್ರ ದೊಡ್ಡ ಥರ್ಮಾಕೋಲ್ ಡಬ್ಬಿ ತಗೊಂಡು, ಒಂದು ಲೀಟರಿನ ಎರಡು ಬಾಟ್ಲಿಗೆ ಬಿಸಿ ನೀರು ತುಂಬಿ, ಟವೆಲ್ ಸುತ್ತಿ ಟ್ರೇದ ಎರಡೂ ಬದಿಗೆ ಇಡ್ರಿ. ರಾತ್ರಿ ಹತ್ತಕ್ಕೊಮ್ಮೆ, ನಸುಕಿನ್ಯಾಗ ಒಮ್ಮೆ ನೀರು ಬದಲಿ ಮಾಡ್ರಿ. ಫ್ರಿಜ್ಜಿನ ತಲಿ ಮ್ಯಾಲೆ ಇಡ್ರಿ ಅಂತ ಎಲ್ಲಾರೂ ಹೇಳ್ತಾರ. ಈಗಿನ ಬಹಳ ಫ್ರಿಜ್ಜಿನ ಶಾಖ ಬದಿಯಿಂದ ಹೊಂಡ್ತೈತಿ, ತಲಿ ತಣ್ಣಗ ಇರ್ತೈತಿ. ಕೈ ಇಟ್ಟು ನೋಡಿ ಆಮ್ಯಾಲೆ ನಂಬ್ರಿ.

ಬೀಜದ ಸಂಶೆ ತೀರಬೇಕಂದ್ರ ಉಳಿದ ಬೀಜದಾಗ 10 ತಗೊಂಡು ಒದ್ದಿ ಟಿಶ್ಯೂದಾಗ ಸುತ್ತಿ, ಜಿಪ್ ಪೌಚಿನ್ಯಾಗ ಹಾಕಿ ಅದ ಡಬ್ಬಿಯೊಳಗ ಇಡ್ರಿ. 28 ಡಿಗ್ರಿಯೊಳಗ ನಾಕು ವಾರ ಆದ್ರೂ ಒಂದೆರಡರ ಮ್ಯಾಲೆ ಬಾಯಿ ಬಿಡದಿದ್ರ ಆವಾಗ ಅಂಗಡಿಯಂವಗ ಬೈರಿ.

ಕುಂದಾನಗರಿ, ಬೆಳಗಾವಿ

ಶಾಖದ ವಿಷಯ ಸರಿ. ಆದರೆ ಮಲಗಿದ ಎರಡು ಸಸಿಗಳ ಕತೆ ಬೇರೆ. ಮಣ್ಣಿನ ಮಟ್ಟದಲ್ಲಿ ಕಾಂಡ ಕಂದಾಗಿ ದಾರದಂತಾದರೆ ಅದು ಸಸಿ ಕೊಳೆ ರೋಗ. ಪಿಥಿಯಮ್, ರೈಜೊಕ್ಟೋನಿಯಾ ಥರದ ಶಿಲೀಂಧ್ರ, ಶಿಲೀಂಧ್ರದಂಥ ಜೀವಿಗಳ ಕೆಲಸ. ಬಿದ್ದ ಸಸಿ ಮತ್ತೆ ಏಳುವುದಿಲ್ಲ. ಆ ಕುಳಿಯ ಮಿಶ್ರಣವನ್ನೂ ಸೇರಿಸಿ ಎತ್ತಿ ಬಿಸಾಡಿ.

ಮೂಲ ತಪ್ಪು ಒಂದೇ ಟ್ರೇಯಲ್ಲಿ ಎರಡು ಜಾತಿ ಹಾಕಿದ್ದು. ಬ್ಯಾಡಗಿ ಎದ್ದ ದಿನವೇ ಅದಕ್ಕೆ ಹಾಳೆ ತೆಗೆಯಬೇಕಿತ್ತು. ಜೊಲೊಕಿಯಾಗೆ ಇನ್ನೂ ಮುಚ್ಚಿರಬೇಕಿತ್ತು. ನೀವು ಮುಚ್ಚಿಯೇ ಇಟ್ಟಿರಿ, ಬೆಳಿಗ್ಗೆ ನೀರೂ ಹೊಡೆದಿರಿ. ತಂಪು, ತೇವ, ಗಾಳಿಯಿಲ್ಲ: ಶಿಲೀಂಧ್ರಕ್ಕೆ ಇನ್ನೇನು ಬೇಕು? ಕತ್ತರಿಯಿಂದ ಟ್ರೇಯನ್ನು ಕತ್ತರಿಸಿ ಬೇರೆ ಮಾಡಿ. ಎದ್ದದ್ದೆಲ್ಲ ಬೆಳಕಿಗೆ, ಏಳದ್ದೆಲ್ಲ ಬೆಚ್ಚನೆಯ ಡಬ್ಬಿಗೆ.

ಉಳಿದ ಸಸಿಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಲೀಟರಿಗೆ 3 ಗ್ರಾಂ ಬೆರೆಸಿ ಒಮ್ಮೆ ಹಾಕಿ. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಕೊಡುವುದಿದ್ದರೆ 15 ದಿನ ಬಿಟ್ಟು ಕೊಡಿ. ಎರಡನ್ನೂ ಒಟ್ಟಿಗೆ ಹಾಕಿದರೆ ತಾಮ್ರವೇ ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ. ಸ್ಪ್ರೇ ನಿಲ್ಲಿಸಿ. ಟ್ರೇಯನ್ನು ಒಂದು ಸೆಂ.ಮೀ. ಉಗುರುಬೆಚ್ಚಗಿನ ನೀರಿನಲ್ಲಿ 15 ನಿಮಿಷ ಇಟ್ಟು ತೆಗೆಯಿರಿ, ಮೇಲ್ಭಾಗ ಒಣಗಿ ಬಣ್ಣ ತಿಳಿಯಾಗುವವರೆಗೆ ಮತ್ತೆ ನೀರು ಬೇಡ.

ಮುಂದಿನ ಸಲ ಬೀಜದ ಮಿಶ್ರಣಕ್ಕೆ ಎರೆಗೊಬ್ಬರ ಹಾಕಬೇಡಿ. ಮೂರು ಸಲ ತೊಳೆದ ಕೋಕೋಪೀಟ್ 3 ಪಾಲು, ಪರ್ಲೈಟ್ (ಗಾಳಿಯಾಡಲು ಬೆರೆಸುವ ಹಗುರ ಬಿಳಿ ಕಾಳು) 1 ಪಾಲು ಸಾಕು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಾದರೆ ತೇವ ಹೆಚ್ಚು. ಬೀಜದ ಆಳ ಅರ್ಧ ಸೆಂ.ಮೀ.

ಹಿತ್ತಲಮನಿ

ಒಂದಕ್ಕ ನನ್ನ ತಕರಾರೈತಿ. ಬೆಳಗಾವಿಯೊಳಗ ಹಾಳಿ ಪೂರಾ ತೆಗದ್ರ ನಡೀತೈತಿ, ಅಲ್ಲಿ ಗಾಳಿದಾಗ ತೇವ ಐತಿ. ವಿಜಯಪುರದ ಚಳಿಗಾಲದ ಒಣ ಗಾಳಿಗೆ ಒಮ್ಮೆಲೆ ತೆಗದ್ರ ಬೀಜದ ಸಿಪ್ಪಿ ಎಲಿ ಮ್ಯಾಲೆ ಟೊಪ್ಪಿಗಿಯಂಗ ಅಂಟ್ಕೊಂಡು ಬಿಡ್ತೈತಿ. ಮೊದಲ ಎರಡು ದಿನ ಅರ್ಧ ತೆಗೀರಿ. ಟೊಪ್ಪಿಗಿ ಅಂಟಿದ್ರ ಅದರ ಮ್ಯಾಲೆ ಒಂದು ಹನಿ ನೀರು ಇಟ್ಟು, 20 ನಿಮಿಷ ಬಿಟ್ಟು ಚಿಮಟದಿಂದ ಮೆಲ್ಲಗ ಜಗ್ರಿ. ಒಣಗಿದ್ದಾಗ ಜಗ್ಗಿದ್ರ ಕುಡಿನ ಕಿತ್ತು ಬರ್ತೈತಿ.

ಕುಂದಾನಗರಿ

ಒಪ್ಪಿದೆ, ಅರ್ಧವೇ ಸರಿ. ಎದ್ದ ದಿನವೇ ಬೆಳಕು ಮಾತ್ರ ತಪ್ಪಿಸಬೇಡಿ. 6500 ಕೆಲ್ವಿನ್ನಿನ (ಬಿಳಿ ಬೆಳಕಿನ) 20 ವ್ಯಾಟ್ ಎಲ್‌ಇಡಿ ಟ್ಯೂಬ್ ಎರಡು, ಎಲೆಯಿಂದ 10–15 ಸೆಂ.ಮೀ. ಎತ್ತರದಲ್ಲಿ, ದಿನಕ್ಕೆ 14ರಿಂದ 16 ತಾಸು. ಛತ್ತಿನ ಟ್ಯೂಬ್‌ಲೈಟ್ ಲೆಕ್ಕಕ್ಕಿಲ್ಲ, ಅದರ ಕೆಳಗೆ ಸಸಿ ಕುತ್ತಿಗೆ ಉದ್ದ ಮಾಡಿ ಬಾಗುತ್ತದೆ. ಕಿಟಕಿಯೇ ಗತಿ ಎಂದರೆ ದಕ್ಷಿಣದ ಕಿಟಕಿ. ಈ ತಿಂಗಳಲ್ಲಿ ಬಿಸಿಲು ಒಳಗೆ ಬರುವುದು ಅಲ್ಲಿಂದಲೇ.

ಗುಮ್ಮಟನಗರಿ. ಫೆಬ್ರುವರಿ 3

ಬಾಟ್ಲಿ-ಡಬ್ಬಿ ಮಾಡಿದ ಮ್ಯಾಲೆ ಒಳಗ 25–29 ನಿಂತದ. ಹಬನೆರೊ ಹೊಸಾವು 7, ಜೊಲೊಕಿಯಾ 8 ಎದ್ವು, ಯಾವುದೂ ಬಿದ್ದಿಲ್ಲ. ಈಗ ಹೊಸ ತ್ರಾಸು: ಬ್ಯಾಡಗಿ ಆರು ಎಲಿ ಆಗ್ಯಾವ, ಹೊಸ ಎಲಿ ಹಳದಿ, ನರ ಮಾತ್ರ ಹಸರು. 19:19:19 ಗೊಬ್ಬರ ಲೀಟರಿಗೆ ಅರ್ಧ ಗ್ರಾಂ ಎರಡು ಸಲ ಕೊಟ್ಟೇನಿ, ಏನೂ ಫರಕಿಲ್ಲ. ಬೋರ್ ನೀರಿನ ಟಿಡಿಎಸ್ (ನೀರಾಗ ಕರಗಿದ ಉಪ್ಪಿನ ಅಳತಿ) 1150, ಪಿಎಚ್ ಪಟ್ಟಿ 8ರ ಮ್ಯಾಲೆ ತೋರಸ್ತದ.

ಕುಂದಾನಗರಿ

ಹಳದಿ ಎಲ್ಲಿಂದ ಶುರುವಾಯಿತು ಎಂದು ಮೊದಲು ನೋಡಬೇಕು. ಕೆಳಗಿನ ಹಳೆ ಎಲೆಯಿಂದಾದರೆ ಸಾರಜನಕದ ಕೊರತೆ. ಕುಡಿಯಿಂದ, ನರ ಹಸಿರು ಉಳಿದು ನಡುವೆ ಹಳದಿಯಾದರೆ ಕಬ್ಬಿಣದ್ದು. ನಿಮ್ಮದು ಎರಡನೆಯದು. ಕಬ್ಬಿಣ ಇಲ್ಲವೆಂದಲ್ಲ, ಸವಳು ನೀರಿನ ಬೈಕಾರ್ಬನೇಟ್ ಮಿಶ್ರಣದ ಪಿಎಚ್ ಏರಿಸಿದಾಗ ಬೇರಿಗೆ ಅದು ದಕ್ಕುವುದಿಲ್ಲ. 19:19:19 ಎಷ್ಟು ಸುರಿದರೂ ಹಸಿರಾಗದು, ಉಪ್ಪು ಮಾತ್ರ ಕೂಡುತ್ತದೆ.

ಇಡಿಡಿಎಚ್‌ಎ ಕಬ್ಬಿಣ (ಹೆಚ್ಚು ಪಿಎಚ್ ಇದ್ದರೂ ಬೇರಿಗೆ ದಕ್ಕುವ ರೂಪದ್ದು) 10 ಲೀಟರಿಗೆ ಅರ್ಧ ಗ್ರಾಂ ಬೆರೆಸಿ ಬುಡಕ್ಕೆ ಒಮ್ಮೆ ಕೊಡಿ, ನೀರು ಕೆಂಪಾಗುತ್ತದೆ, ಹೆದರಬೇಡಿ. ಅಗ್ಗವೆಂದು ಇಡಿಟಿಎ ರೂಪದ ಕಬ್ಬಿಣ ತರಬೇಡಿ, ಪಿಎಚ್ 6.5 ದಾಟಿದರೆ ಅದು ಕಬ್ಬಿಣವನ್ನು ಹಿಡಿದಿಡುವುದಿಲ್ಲ. ಹಳದಿಯಾದ ಎಲೆಗಿಂತ ಮುಂದೆ ಬರುವ ಎಲೆಯ ಬಣ್ಣ ನೋಡಿ ಫಲಿತಾಂಶ ಅಳೆಯಿರಿ.

ನೀರು ಬದಲಿಸದೆ ಇದು ಮತ್ತೆ ಬರುತ್ತದೆ. ಮೂರು ಪಾಲು ಆರ್‌ಓ ನೀರಿಗೆ ಒಂದು ಪಾಲು ಬೋರ್ ನೀರು ಸೇರಿಸಿ. ಬರೀ ಆರ್‌ಓ ಹಾಕಿದರೆ ಕೋಕೋಪೀಟ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಗಿಡಕ್ಕೆ ಕಡಿಮೆ ಬೀಳುತ್ತದೆ.

ಹಿತ್ತಲಮನಿ

ಇನ್ನೊಂದು ಮಾತು. ಈ ಗಿಡಕ್ಕ ಏಪ್ರಿಲ್-ಮೇದಾಗ ಹೂ ಬಂದ್ರ ನಿಲ್ಲೂದಿಲ್ಲ, ಹಗಲು 35 ದಾಟಿದ್ರ ಉದುರ್ತಾವ. ಗೊಬ್ಬರ ಕಡಿಮಿ ಆತಂತ ಗಾಬರಿ ಆಗಬ್ಯಾಡ್ರಿ. 10–12 ಲೀಟರಿನ ಕುಂಡಿಗೆ ಹಾಕಿ, ಮುಂಜಾನಿ ಬಿಸಲು ಮಾತ್ರ ಬೀಳೂ ಕಡೆ 50 ಪರ್ಸೆಂಟ್ ಹಸರು ನೆರಳು ಪರದೆ ಕಟ್ಟಿ ಉಳಿಸ್ಕೋರಿ, ಮಳಿ ಹಿಡಿದ ಮ್ಯಾಲೆ ಕಾಯಿ ಕಟ್ತಾವ. ಕುಂಡಿಗೆ ಹೊಲದ ಯರಿ ಮಣ್ಣು ತುಂಬಬ್ಯಾಡ್ರಿ, ಒಣಗಿದ್ರ ಬಿರೀತೈತಿ, ಒದ್ದಿ ಆದ್ರ ಬೇರಿಗೆ ಉಸಿರಿಲ್ಲ.

ಗುಮ್ಮಟನಗರಿ

ಆತ್ರಿ. ಆರ್‌ಓ ಮಶೀನಿನ ಪೈಪಿನಿಂದ ಹೊರಗ ಹೋಗೂ ನೀರು ದಿನಾ ಎರಡು ಬಕೀಟು ಸುಮ್ಮನ ಹೋಗ್ತದ, ಅದನ್ನ ಹಾಕಿದ್ರ?

ಕುಂದಾನಗರಿ

ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿರುವುದು ಅದರಲ್ಲೇ, ನಿಮ್ಮ ಬೋರ್ ನೀರಿಗಿಂತ ಅದು ಗಡುಸು. ಫರ್ಸಿ ಒರೆಸಲು ಬಳಸಿ.