ಕುಟುಂಬದ ಗುಂಪಿಗೆ ಬಂದ ಸ್ಪಾಂಜ್ ನಗರದ ವಿಡಿಯೊ

ದೊಡ್ಡಪ್ಪ: (ಫಾರ್ವರ್ಡ್ ವಿಡಿಯೊ: ‘ಸ್ಪಾಂಜ್ ನಗರ ಬಂತು, ನೆರೆ ಹೋಯ್ತು!’)
ಎಲ್ಲರೂ ನೋಡಿ. ಸ್ಪಾಂಜ್ ನಗರ ಅಂದರೆ ಕೆರೆ, ಪಾರ್ಕು, ನೀರು ಇಂಗುವ ನೆಲ ಇಟ್ಟುಕೊಂಡು ಮಳೆನೀರನ್ನು ಸ್ಪಾಂಜಿನಂತೆ ಹೀರಿಕೊಳ್ಳುವ ಊರು. ನೀರು ಇಂಗುವ ಟೈಲ್ಸ್ ಹಾಕಿದರೆ ಸಾಕಂತೆ, ಎಷ್ಟೇ ಮಳೆ ಬಂದರೂ ರಸ್ತೆಯಲ್ಲಿ ನೀರು ನಿಲ್ಲುವುದಿಲ್ಲ.

ಅಕ್ಕ: ದೊಡ್ಡಪ್ಪ, ಆ ‘ಎಷ್ಟೇ ಮಳೆ’ ಅನ್ನುವ ಮಾತು ಸುಳ್ಳು. ಚೀನಾದ ಝೆಂಗ್‌ಝೌ ಕೂಡ ಸ್ಪಾಂಜ್ ನಗರ ಯೋಜನೆಗೆ ದುಡ್ಡು ಸುರಿದಿತ್ತು. 2021ರ ಜುಲೈ 20ರಂದು ಅಲ್ಲಿ ಒಂದೇ ಗಂಟೆಯಲ್ಲಿ 201.9 ಮಿ.ಮೀ. ಮಳೆ ಸುರಿಯಿತು. ಮೆಟ್ರೊ ಸುರಂಗಕ್ಕೇ ನೀರು ನುಗ್ಗಿ ಜನ ಸತ್ತರು.

ಅಣ್ಣ: ಹಾಗಾದರೆ ಇದೆಲ್ಲ ದಂಡ ಅಲ್ವಾ? ಸುಮ್ನೆ ದೊಡ್ಡ ಚರಂಡಿ ಕಟ್ಟಿ ಮುಗಿಸಲಿ.

ಅಕ್ಕ: ದಂಡ ಅಲ್ಲ. ದಿನನಿತ್ಯದ ಮಳೆಗೆ ತುಂಬಾ ಉಪಯೋಗ. ಲೆಕ್ಕ ನೋಡಿ. 1 ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ 20 ಮಿ.ಮೀ. ಬಿದ್ದರೆ 2,000 ಲೀಟರ್. ಮಣ್ಣಿಗೆ ಇಳಿದರೆ ಅದೇ ಅಂತರ್ಜಲ. ಕಾಂಕ್ರೀಟ್ ಮೇಲೆ ಹರಿದರೆ ತಗ್ಗಿನಲ್ಲಿರುವವರ ಮನೆಗೆ ನೆರೆ. ಚರಂಡಿ ದೊಡ್ಡದಾದಷ್ಟೂ ಆ ನೀರು ಕೆಳಗಿನ ಬಡಾವಣೆಗೆ ಬೇಗ ತಲುಪುತ್ತದೆ, ಅಷ್ಟೇ! ಇನ್ನು ಟೈಲ್ಸ್ ಸಂದಿಯಲ್ಲಿ ಹೂಳು ಕೂತರೆ ನೀರು ಇಂಗುವುದೇ ಇಲ್ಲ. ಆಗಾಗ ತೆಗೆಸುತ್ತಿರಬೇಕು. ವಿಡಿಯೊದಲ್ಲಿ ಆ ಮಾತೇ ಇಲ್ಲ.

ಚಿಕ್ಕಪ್ಪ: ಎಲ್ಲ ಜಾಗ ಕೆರೆಗೆ, ಪಾರ್ಕಿಗೆ ಬಿಟ್ಟರೆ ಜನ ಎಲ್ಲಿ ಮನೆ ಕಟ್ಟಬೇಕು?

ಅಕ್ಕ: ಒಂದೇ ಜಾಗ ಎರಡು ಕೆಲಸ ಮಾಡಬಹುದು ಚಿಕ್ಕಪ್ಪ. ಸಿಂಗಪುರದ ಬಿಶಾನ್ ಪಾರ್ಕಿನ ಪಕ್ಕ 2.7 ಕಿ.ಮೀ. ಕಾಂಕ್ರೀಟ್ ಕಾಲುವೆ ಇತ್ತು. ಅದನ್ನು ಒಡೆದು ಮಣ್ಣಿನ ದಡದ ಹೊಳೆ ಮಾಡಿದರು. 2012ರಲ್ಲಿ ಅದು ಜನರಿಗೆ ತೆರೆಯಿತು. ಮಳೆ ಇಲ್ಲದಾಗ ದಡದಲ್ಲಿ ಮಕ್ಕಳು ಆಡುತ್ತಾರೆ. ಜೋರು ಮಳೆ ಬಂದಾಗ ಅದೇ ಹುಲ್ಲಿನ ಮೇಲೆ ನೀರು ಹರಡಿಕೊಳ್ಳುತ್ತದೆ. ನನ್ನ ತಕರಾರು ಒಂದೇ. ಬಡಾವಣೆಯ ನಕ್ಷೆ ಬರೆಯುವಾಗ ಮೊದಲು ಹಳ್ಳ, ತಗ್ಗು ಗುರುತಿಸಬೇಕು. ರಸ್ತೆ, ಸೈಟು ಆಮೇಲೆ. ಈಗ ಸೈಟು ಮೊದಲು ಹಂಚಿ, ಉಳಿದ ಸಂದಿಯಲ್ಲಿ ನೀರು ಹೋಗಲಿ ಅಂತಾರೆ.

ದೊಡ್ಡಪ್ಪ: ಹೊಸ ಬಡಾವಣೆಗೆ ಸರಿ ಕಣಮ್ಮ. ಈಗಾಗಲೇ ಕಟ್ಟಿ ತುಂಬಿದ ಕಡೆ? ಅಲ್ಲಿ ಟೈಲ್ಸೇ ಗತಿ.

ಅಕ್ಕ: ಹಾಕಲಿ, ಬೇಡ ಅನ್ನಲ್ಲ. ತಾರಸಿ ನೀರನ್ನೂ ಹಿಡಿಯಲಿ. ಆದರೆ ಹಳ್ಳದ ಮೇಲೆ ಹೊಸ ಕಟ್ಟಡಕ್ಕೆ ಅನುಮತಿ ಕೊಡುವುದು ನಿಲ್ಲಲೇಬೇಕು.

ಚಿಕ್ಕಪ್ಪ: ಗೊತ್ತಿಲ್ಲದೆ ಅಲ್ಲಿ ಸೈಟು ಕೊಂಡವರ ಗತಿ? ಮಾರುವವರು ಇದು ಹಳ್ಳ ಅಂತ ಹೇಳ್ತಾರಾ?

ಅಕ್ಕ: ಹೇಳಲ್ಲ. ಅದಕ್ಕೇ ಹಳ್ಳದ ಗೆರೆ ಇರುವ ನಕ್ಷೆ ಎಲ್ಲರ ಕೈಗೂ ಸಿಗಬೇಕು, ಮುಂಗಡ ಕೊಡುವ ಮೊದಲೇ.